ಇಷ್ಟವಿಯೋಗದ ಅನಂತರದ ಪ್ರೀತಿ: ಒಂದು ಧರ್ಮಚಿಂತನೆ

ಸಂಸಾರದಲ್ಲಿ ಇಷ್ಟವಿಯೋಗವನ್ನು ಅನುಭವಿಸದ ಜೀವವಿಲ್ಲ. ಕೂಡಿ ಬಾಳಿದ ಇಬ್ಬರಲ್ಲಿ ಒಬ್ಬರು ಮೊದಲು ಹೊರಡುವುದು, ಇನ್ನೊಬ್ಬರು ಉಳಿಯುವುದು ಆಯುಷ್ಕರ್ಮದ ನಿಯಮ. ಅನಿತ್ಯಾನುಪ್ರೇಕ್ಷೆಯನ್ನು ಬೋಧಿಸುವಾಗ ನಮ್ಮ ಆಚಾರ್ಯರು ಇದನ್ನು ನಾನಾ ದೃಷ್ಟಾಂತಗಳಿಂದ ವಿವರಿಸಿದ್ದಾರೆ. ಆದರೆ ಉಳಿದವರ ಮನಸ್ಸಿನಲ್ಲಿ ಮತ್ತೊಮ್ಮೆ ಪ್ರೀತಿ ಚಿಗುರಿದರೆ ಅದು ತೀರಿಕೊಂಡವರಿಗೆ ಬಗೆದ ದ್ರೋಹವೇ ಎಂಬ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಚರ್ಚಿಸುವುದು ಕಡಿಮೆ. ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಊರುಗಳಲ್ಲಿ ನಮ್ಮವರ ಮನೆಗಳು ಬಹಳವಿಲ್ಲ. ಒಂದು ಮನೆಯ ಸುದ್ದಿ ಉಳಿದ ಮನೆಗಳನ್ನು ತಲುಪಲು ಹೊತ್ತು ಹಿಡಿಯುವುದಿಲ್ಲ. ಆದ್ದರಿಂದ ಮನಸ್ಸಿನ ಮಾತು ಹೊರಗೆ ಬರುವುದೇ ಇಲ್ಲ. ಬಂದರೆ ಅದು ವಿಚಾರವಾಗಿ ಉಳಿಯದೆ ಕೂಡಲೇ ತೀರ್ಪಿಗೆ ಗುರಿಯಾಗುತ್ತದೆ.

ಈ ಪ್ರಶ್ನೆಯನ್ನು ತಾಳ್ಮೆಯಿಂದ ಎತ್ತಿಕೊಂಡ ಎರಡು ಚಲನಚಿತ್ರಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ. ಧಾರ್ಮಿಕ ಪತ್ರಿಕೆಯಲ್ಲಿ ಚಲನಚಿತ್ರದ ಮಾತೇಕೆ ಎಂದು ವಾಚಕರು ಕೇಳಬಹುದು. ನಮ್ಮ ಪುರಾಣಕವಿಗಳು ಶೃಂಗಾರವನ್ನೂ ಶೋಕವನ್ನೂ ವರ್ಣಿಸಿಯೇ ವೈರಾಗ್ಯವನ್ನು ತಲುಪಿದರು. ರಾಗವನ್ನು ನೇರವಾಗಿ ನೋಡದವನಿಗೆ ವಿರಾಗದ ಬೆಲೆ ತಿಳಿಯದು.

ಮೊದಲನೆಯದು ಜಪಾನಿನ ನಿರ್ದೇಶಕ ಹಿರೋಕಾಜು ಕೊರೆಎದ ಅವರು 1995ರಲ್ಲಿ ತೆರೆಗೆ ತಂದ ‘ಮಾಬೊರೊಶಿ’. ಯುಮಿಕೊ ಎಂಬ ತರುಣಿಯ ಗಂಡ ಒಂದು ರಾತ್ರಿ ರೈಲುಹಳಿಯ ಮೇಲೆ ನಡೆದುಹೋಗಿ ಪ್ರಾಣ ಕಳೆದುಕೊಳ್ಳುತ್ತಾನೆ. ಏಕೆಂಬುದು ಯಾರಿಗೂ ತಿಳಿಯದು. ಕೈಯಲ್ಲಿ ಎಳೆಯ ಮಗು. ಕೆಲವು ವರ್ಷಗಳ ಅನಂತರ ಆಕೆ ಮಗನನ್ನು ಕರೆದುಕೊಂಡು ಒಸಾಕಾ ನಗರವನ್ನು ಬಿಟ್ಟು, ನೋಟೊ ಕರಾವಳಿಯ ಮೀನುಗಾರರ ಹಳ್ಳಿಯೊಂದರಲ್ಲಿರುವ ವಿಧುರನನ್ನು ಮದುವೆಯಾಗುತ್ತಾಳೆ. ಆತನಿಗೆ ಒಬ್ಬಳು ಮಗಳು, ಮನೆಯಲ್ಲಿ ವೃದ್ಧ ತಂದೆ. ಮಕ್ಕಳಿಬ್ಬರೂ ಜೊತೆಯಾಗಿ ಆಡುತ್ತಾರೆ. ಹೊಸ ಮನೆಯಲ್ಲಿ ಅಕ್ಕರೆಗೆ ಕೊರತೆಯಿಲ್ಲ. ಆದರೂ ತವರಿಗೊಮ್ಮೆ ಹೋಗಿಬಂದಾಗ ಅಡಗಿದ್ದ ದುಃಖ ಮತ್ತೆ ಮೇಲೇಳುತ್ತದೆ. ಆತ ಏಕೆ ಸತ್ತನೆಂಬುದು ತನಗೆ ಇಂದಿಗೂ ತಿಳಿದಿಲ್ಲವೆಂದು ಆಕೆ ಕಡಲತೀರದಲ್ಲಿ ಹೊಸ ಗಂಡನ ಮುಂದೆಯೇ ಅಳುತ್ತಾಳೆ. ಆತ ಮುನಿಯುವುದಿಲ್ಲ, ತನ್ನನ್ನು ಸತ್ತವನೊಡನೆ ಹೋಲಿಸಿಕೊಳ್ಳುವುದೂ ಇಲ್ಲ. ಕಡಲಲ್ಲಿ ದೂರದ ಬೆಳಕೊಂದು ಮನುಷ್ಯರನ್ನು ಕರೆಯುತ್ತದೆಂದು ತನ್ನ ತಂದೆ ಹೇಳುತ್ತಿದ್ದುದನ್ನು ತಿಳಿಸಿ ಸುಮ್ಮನಾಗುತ್ತಾನೆ.

ಈ ಚಿತ್ರದ ನಡೆ ಬಹು ನಿಧಾನ. ಕ್ಯಾಮೆರಾ ಪಾತ್ರಗಳಿಂದ ದೂರ ನಿಂತು ನೋಡುತ್ತದೆ. ಅಳುವ ಮುಖವನ್ನು ಹತ್ತಿರದಿಂದ ತೋರಿಸಿ ನಮ್ಮ ಕಣ್ಣೀರನ್ನು ಬೇಡುವುದಿಲ್ಲ. ನಿಜವಾದ ಶೋಕವೂ ಹೀಗೆಯೇ ಇರುತ್ತದೆ. ಅದು ಹದಿಮೂರನೆಯ ದಿನಕ್ಕೋ ವರ್ಷಾಂತ್ಯಕ್ಕೋ ಮುಗಿಯುವುದಿಲ್ಲ. ಹೊಸ ಪ್ರೀತಿ ಬಂದಿತೆಂದು ಎದ್ದುಹೋಗುವುದೂ ಇಲ್ಲ. ಒಂದೇ ಹೃದಯದಲ್ಲಿ ಎರಡೂ ಇರುತ್ತವೆ. ಮರುಮದುವೆಯಾದವರು ಮೊದಲಿನವರನ್ನು ಮರೆತರು ಎಂದು ಜನ ಆಡುವ ಮಾತು ಎಷ್ಟು ಅವಸರದ್ದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಎರಡನೆಯ ಚಿತ್ರ ನಮ್ಮದೇ. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಅದನ್ನು ಚಿತ್ರವಾಗಿಸಿ 1971ರ ಸಾಲಿನ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ನಂಜನಗೂಡಿನ ಶ್ರೋತ್ರಿಯ ಮನೆತನದ ಒಬ್ಬನೇ ಮಗ ಕಪಿಲಾ ನದಿಯ ಪಾಲಾಗುತ್ತಾನೆ. ಉಳಿದ ತರುಣ ಪತ್ನಿ ಕಾತ್ಯಾಯನಿಗೆ ಒಂದು ಗಂಡುಮಗು. ಮಾವನ ಸಮ್ಮತಿಯಿಂದಲೇ ಆಕೆ ಮೈಸೂರಿನ ಕಾಲೇಜಿಗೆ ಸೇರುತ್ತಾಳೆ. ಅಲ್ಲಿ ಅಧ್ಯಾಪಕನಾದ ರಾಜನಲ್ಲಿ ಅನುರಕ್ತಳಾಗಿ ಅವನ ಕೈಹಿಡಿಯುತ್ತಾಳೆ. ಮಗು ಮಾತ್ರ ಶ್ರೋತ್ರಿಯರ ಮನೆಯಲ್ಲೇ ಉಳಿಯುತ್ತದೆ. ಹೊಸ ದಾಂಪತ್ಯದಲ್ಲಿ ಆಕೆಯ ಗರ್ಭ ಮತ್ತೆ ಮತ್ತೆ ಇಳಿದುಹೋಗುತ್ತದೆ. ತಪ್ಪು ಮಾಡಿದೆನೆಂಬ ಕೊರಗಿನಲ್ಲಿ ಕೃಶಳಾಗಿ ಕೊನೆಗೆ ಪ್ರಾಣಬಿಡುತ್ತಾಳೆ. ಇತ್ತ ವಂಶದ ಪಾವಿತ್ರ್ಯವನ್ನೇ ನೆಚ್ಚಿ ಬಾಳಿದ ಶ್ರೀನಿವಾಸ ಶ್ರೋತ್ರಿಗಳಿಗೆ ತಾವೇ ಆ ವಂಶದ ಬೀಜದಿಂದ ಹುಟ್ಟಿದವರಲ್ಲವೆಂಬ ಸತ್ಯ ತಿಳಿದುಬರುತ್ತದೆ.

ಕಾತ್ಯಾಯನಿಯ ಅಂತ್ಯವನ್ನು ಕಂಡು ‘ಮರುಮದುವೆಯ ಫಲ ನೋಡಿರಿ’ ಎನ್ನುವವರಿದ್ದಾರೆ. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಈ ಮಾತು ನಿಲ್ಲುವುದಿಲ್ಲ. ಯುಮಿಕೊಗೂ ಕಾತ್ಯಾಯನಿಗೂ ಒದಗಿದ ವಿಯೋಗ ಒಂದೇ. ಇಬ್ಬರಿಗೂ ಒಂದೊಂದು ಗಂಡುಮಗು. ಇಬ್ಬರೂ ಮತ್ತೆ ಮದುವೆಯಾದರು. ಒಬ್ಬಳ ಮಗ ತಾಯಿಯ ಕೈಹಿಡಿದು ಹೊಸ ಮನೆಗೆ ನಡೆದ. ಇನ್ನೊಬ್ಬಳ ಮಗ ವಂಶದ ಕುಡಿಯೆಂಬ ಕಾರಣಕ್ಕೆ ಹಿಂದೆ ಉಳಿದ. ಒಬ್ಬಳಿಗೆ ತನ್ನ ಶೋಕವನ್ನು ಹೊಸ ಸಂಗಾತಿಯ ಮುಂದೆ ತೋಡಿಕೊಳ್ಳುವ ಸ್ವಾತಂತ್ರ್ಯ ದೊರೆಯಿತು. ಇನ್ನೊಬ್ಬಳಿಗೆ ತನ್ನ ಸುಖವೇ ಪಾಪವೆಂಬ ಸಂಸ್ಕಾರ ಮನಸ್ಸನ್ನು ಕೊರೆಯಿತು. ಕಾತ್ಯಾಯನಿಯನ್ನು ಕೊಂದದ್ದು ಪ್ರೀತಿಯಲ್ಲ. ಹೆಣ್ಣನ್ನೂ ಮಗುವನ್ನೂ ಮನೆತನದ ಸ್ವತ್ತೆಂದು ಎಣಿಸುವ ಮಮಕಾರ ಆಕೆಯನ್ನು ಹಿಂಡಿತು. ಯಾವ ವಂಶದ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತೋ ಆ ವಂಶವೇ ಕೊನೆಗೆ ಕಲ್ಪನೆಯಾಗಿ ಉಳಿಯುತ್ತದೆ. ನಮ್ಮ ಅನ್ಯತ್ವಾನುಪ್ರೇಕ್ಷೆ ಹೇಳುವುದೂ ಇದನ್ನೇ: ದೇಹವೇ ನನ್ನದಲ್ಲದಿರುವಾಗ ಪತಿ, ಪತ್ನಿ, ಪುತ್ರ, ವಂಶಗಳು ನನ್ನವೆಂಬುದು ಎಲ್ಲಿಯ ಮಾತು?

ಇನ್ನು ಶಾಸ್ತ್ರದ ಕಡೆಗೆ ತಿರುಗೋಣ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ಚಾರಿತ್ರಮೋಹನೀಯ ಕರ್ಮದ ಭೇದಗಳನ್ನು ಹೇಳುವಾಗ ಒಂಬತ್ತು ನೋಕಷಾಯಗಳನ್ನು ಎಣಿಸಿದ್ದಾರೆ: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು. ರತಿಯೂ ಶೋಕವೂ ಒಂದೇ ಪಟ್ಟಿಯಲ್ಲಿ, ಒಂದೇ ಕರ್ಮದ ಉದಯದಿಂದ ಹುಟ್ಟುವ ಭಾವಗಳಾಗಿ ಬಂದಿರುವುದನ್ನು ವಾಚಕರು ಗಮನಿಸಬೇಕು. ಲೋಕ ಶೋಕವನ್ನು ಪವಿತ್ರವೆನ್ನುತ್ತದೆ, ಮರುಪ್ರೀತಿಯನ್ನು ಹಗುರವಾಗಿ ಕಾಣುತ್ತದೆ. ಶಾಸ್ತ್ರವು ಆ ಪಕ್ಷಪಾತವನ್ನು ಮಾಡಿಲ್ಲ. ಮೋಕ್ಷದೃಷ್ಟಿಯಿಂದ ಎರಡೂ ಬಿಡತಕ್ಕವೇ. ಆದರೆ ಒಂದನ್ನು ಕೈಮುಗಿದು ಗೌರವಿಸಿ ಇನ್ನೊಂದನ್ನು ನಿಂದಿಸಲು ಶಾಸ್ತ್ರದ ಆಧಾರವಿಲ್ಲ.

ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನದ ವಿಚಾರ ಬರುತ್ತದೆ. ಪ್ರಿಯರ ಅಗಲಿಕೆಯಿಂದ ಮನಸ್ಸು ಅದನ್ನೇ ಮತ್ತೆ ಮತ್ತೆ ಚಿಂತಿಸುವುದು ಇಷ್ಟವಿಯೋಗಜ ಆರ್ತಧ್ಯಾನ. ಇದು ಅವಿರತರಿಗೆ ಮಾತ್ರವಲ್ಲ, ದೇಶವಿರತ ಶ್ರಾವಕರಿಗೂ ಪ್ರಮತ್ತಸಂಯತರಾದ ಮುನಿಗಳಿಗೂ ಉಂಟಾಗಬಹುದೆಂದು ಆಚಾರ್ಯರು ಒಪ್ಪಿದ್ದಾರೆ. ಆರನೆಯ ಗುಣಸ್ಥಾನದ ಸಾಧುವಿಗೂ ಬಾಧಿಸಬಹುದಾದ ದುಃಖವನ್ನು ಸಂಸಾರಿಯಾದವನು ಮೂರು ತಿಂಗಳಲ್ಲಿ ಜಯಿಸಬೇಕೆನ್ನುವುದು ಅನ್ಯಾಯ. ಹಾಗೆಯೇ ಆ ದುಃಖದಲ್ಲೇ ಜೀವಮಾನವಿಡೀ ಕುಳಿತಿರಬೇಕೆಂದು ವಿಧಿಸುವುದು ದುರ್ಧ್ಯಾನವನ್ನು ವಿಧಿಸಿದಂತೆ. ಆರನೆಯ ಅಧ್ಯಾಯ ಇನ್ನೂ ಕಠಿಣವಾದ ಮಾತನ್ನು ಹೇಳುತ್ತದೆ. ದುಃಖ, ಶೋಕ, ತಾಪ, ಆಕ್ರಂದನಗಳನ್ನು ತನ್ನಲ್ಲಿ ಉಂಟುಮಾಡಿಕೊಂಡರೂ ಪರರಲ್ಲಿ ಉಂಟುಮಾಡಿದರೂ ಅಸಾತಾವೇದನೀಯ ಕರ್ಮದ ಆಸ್ರವವಾಗುತ್ತದೆ. ನೊಂದ ಜೀವಕ್ಕೆ ಬಣ್ಣದ ಸೀರೆಯನ್ನು ನಿರಾಕರಿಸುವ, ಶುಭಕಾರ್ಯದಲ್ಲಿ ಹಿಂದೆ ಸರಿದು ನಿಲ್ಲೆನ್ನುವ, ನಕ್ಕರೆ ಹುಬ್ಬೇರಿಸುವ ಮನೆಯವರು ತಮ್ಮ ಕರ್ಮದ ಲೆಕ್ಕವನ್ನು ಈ ಸೂತ್ರದ ಬೆಳಕಿನಲ್ಲಿ ನೋಡಿಕೊಳ್ಳಬೇಕು.

ಇಲ್ಲಿ ಹಿರಿಯರ ಒಂದು ಆಕ್ಷೇಪವಿದೆ. ಅದನ್ನು ಗೌರವದಿಂದಲೇ ಕೇಳಬೇಕು. ಬ್ರಹ್ಮಚರ್ಯವು ಶ್ರೇಷ್ಠವಲ್ಲವೆ, ವಿಯೋಗವು ವೈರಾಗ್ಯಕ್ಕೆ ಒದಗಿದ ಸಂದರ್ಭವಲ್ಲವೆ ಎಂಬುದು ಆ ಆಕ್ಷೇಪ. ಈ ಸೀಮೆಯ ನೆಲವೇ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಕ್ರಿ.ಶ. 971ರ ಕಡೂರಿನ ಶಾಸನವು ಪಾಂಬಬ್ಬೆಯೆಂಬ ಮಹಾಸತ್ತ್ವೆಯನ್ನು ಸ್ಮರಿಸುತ್ತದೆ. ಆಕೆ ಗಂಗದೊರೆ ಬೂತುಗನ ಅಕ್ಕ, ಪಡಿಯರ ದೋರಪಯ್ಯನ ಮಡದಿ. ಅರಮನೆಯ ಭೋಗವನ್ನು ತೊರೆದು, ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸನ್ನಾಚರಿಸಿ, ಪಂಚವ್ರತಗಳನ್ನು ಪಾಲಿಸಿ ದೇಹವನ್ನು ತ್ಯಜಿಸಿದಳು. ದಾನಚಿಂತಾಮಣಿ ಅತ್ತಿಮಬ್ಬೆಯ ಚರಿತ್ರೆಯೂ ನಮಗೆ ಪರಿಚಿತ. ಪತಿ ನಾಗದೇವನು ತೀರಿಕೊಂಡಾಗ ಆತನ ಇನ್ನೊಬ್ಬ ಮಡದಿ, ತನ್ನ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡು, ಮಗನನ್ನು ಬೆಳೆಸಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು.

ಈ ಮಾತೆಯರ ಹಾದಿಗೆ ನಾವು ತಲೆಬಾಗುತ್ತೇವೆ. ಆದರೆ ಅದರಿಂದ ಕಲಿಯುವ ಪಾಠ ಯಾವುದು? ಪಾಂಬಬ್ಬೆಯ ತಲೆಗೂದಲನ್ನು ನೆರೆಹೊರೆಯವರು ಕೀಳಿಸಲಿಲ್ಲ. ಆಕೆ ತಾನಾಗಿ ಕಿತ್ತುಕೊಂಡಳು. ಅತ್ತಿಮಬ್ಬೆಯ ವ್ರತವನ್ನು ಪಂಚಾಯಿತಿಯವರು ಗೊತ್ತುಮಾಡಲಿಲ್ಲ. ವ್ರತವೆಂದರೆ ವಿರತಿ; ಜೀವವು ತಿಳಿದು, ಮೆಚ್ಚಿ, ತಾನೇ ಹಿಂದೆ ಸರಿಯುವುದು. ವ್ರತಿಯಾದವನು ಮಾಯಾ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಿಲ್ಲದವನಾಗಿರಬೇಕೆಂದು ಶಾಸ್ತ್ರ ನಿಯಮಿಸಿದೆ. ಹೊರಗಿನ ಬಲವಂತದಿಂದ ಹೊತ್ತುಕೊಂಡ ಬ್ರಹ್ಮಚರ್ಯದಲ್ಲಿ ಶಲ್ಯ ಉಳಿದೇ ಉಳಿಯುತ್ತದೆ. ಅದು ಮೇಲುನೋಟಕ್ಕೆ ವ್ರತ, ಒಳಗೆ ನಂಜು.

ಶೋಕದಿಂದ ಹುಟ್ಟಿದ ವೈರಾಗ್ಯವೆಲ್ಲವೂ ಶುದ್ಧವೆಂದು ಹೇಳಲಾಗದು ಎಂಬುದಕ್ಕೆ ನಿದರ್ಶನವನ್ನು ತರೀಕೆರೆಯ ಕಡೆಯವರು ದೂರ ಹುಡುಕಬೇಕಾಗಿಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯದ ಮುಂದೆ ಜೈನಕವಿ ಜನ್ನನು ರಚಿಸಿದ ಪದ್ಯಗಳುಳ್ಳ ಶಿಲಾಶಾಸನ ಇಂದಿಗೂ ನಿಂತಿದೆ. ಅದೇ ಜನ್ನನು 1230ರಲ್ಲಿ ಮುಗಿಸಿದ ಅನಂತನಾಥಪುರಾಣದಲ್ಲಿ ಚಂಡಶಾಸನನ ವೃತ್ತಾಂತವಿದೆ. ಗೆಳೆಯ ವಸುಷೇಣನ ಮಡದಿ ಸುನಂದೆಯಲ್ಲಿ ಮೋಹಗೊಂಡು ಚಂಡಶಾಸನನು ಆಕೆಯನ್ನು ಅಪಹರಿಸುತ್ತಾನೆ. ಗಂಡನ ತಲೆಯೆಂದು ತೋರಿಸಿದ ಮಾಯಾಶಿರಸ್ಸನ್ನು ಕಂಡು ಆಕೆ ಪ್ರಾಣಬಿಡುತ್ತಾಳೆ. ಚಂಡಶಾಸನನೂ ಅವಳ ಚಿತೆಯಲ್ಲೇ ಬೇಯುತ್ತಾನೆ. ಇತ್ತ ಮಡದಿಯನ್ನು ಕಳೆದುಕೊಂಡ ವಸುಷೇಣನು ದೀಕ್ಷೆ ವಹಿಸುತ್ತಾನೆ, ಆದರೆ ಸೇಡಿನ ನಿದಾನವನ್ನು ಎದೆಯಲ್ಲಿಟ್ಟುಕೊಂಡು. ಆ ನಿದಾನದ ಫಲವಾಗಿ ಮುಂದೆ ವಾಸುದೇವನಾಗಿ ಹುಟ್ಟಿ ಹಗೆಯನ್ನು ಕೊಲ್ಲುತ್ತಾನೆ. ಆತ ಮತ್ತೊಬ್ಬಳನ್ನು ಪ್ರೀತಿಸಲಿಲ್ಲ, ಸಂಸಾರವನ್ನು ತೊರೆದ. ಆದರೂ ಶೋಕವು ಬಂಧಕ್ಕೇ ಕಾರಣವಾಯಿತು. ಮರುಮದುವೆಯಾಗದೆ ಉಳಿದ ಮಾತ್ರಕ್ಕೆ ಮನಸ್ಸು ನಿರ್ಮಲವಾಯಿತೆಂದು ತಿಳಿಯಲಾಗದು. ಒಳಗಿನ ಪರಿಣಾಮವೇ ಮುಖ್ಯ.

ಹಾಗಾದರೆ ಹಳೆಯ ಪ್ರೀತಿಯಲ್ಲಿ ಉಳಿಸಿಕೊಳ್ಳತಕ್ಕದ್ದು ಏನೂ ಇಲ್ಲವೇ? ಇದೆ. ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಕಥೆಗಾರ ‘ಆನಂದ’, ಅಂದರೆ ಅಜ್ಜಂಪುರ ಸೀತಾರಾಮರು (1902–1963), ಗಂಡಹೆಂಡಿರ ನಡುವಣ ಸಲುಗೆಯನ್ನು ಸಾಹಿತ್ಯದ ಗೌರವಕ್ಕೆ ಏರಿಸಿದವರು. ಅಂತಹ ಸಲುಗೆಯ ನೆನಪು ಸಾವಿನೊಡನೆ ಅಳಿಯುವುದಿಲ್ಲ. ಅದು ಯಾವ ರೂಪದಲ್ಲಿ ಉಳಿಯಬೇಕೆಂಬುದನ್ನು ಆದಿಪುರಾಣ ತೋರಿಸಿಕೊಟ್ಟಿದೆ. ಪಂಪನ 941ರ ಕಾವ್ಯದಲ್ಲಿ ಲಲಿತಾಂಗದೇವನನ್ನು ಅಗಲಿದ ಸ್ವಯಂಪ್ರಭೆಯು ಶ್ರೀಮತಿಯಾಗಿ ಹುಟ್ಟಿ, ಪೂರ್ವಜನ್ಮದ ಸ್ಮರಣೆಯಿಂದ ಮೌನಿಯಾಗಿ, ಚಿತ್ರಪಟದ ನೆರವಿನಿಂದ ವಜ್ರಜಂಘನನ್ನು ಮರಳಿ ಪಡೆಯುವ ಕಥೆಯನ್ನು ನಾವೆಲ್ಲ ಬಲ್ಲೆವು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ಭವವೊಂದರಲ್ಲಿ ಆ ಇಬ್ಬರೂ ತಂದೆ ಮಕ್ಕಳಾಗುತ್ತಾರೆ. ಸುವಿಧಿ ತಂದೆ, ಕೇಶವ ಮಗ. ಕೊನೆಗೆ ವಜ್ರಜಂಘನ ಜೀವ ಆದಿತೀರ್ಥಂಕರನಾದರೆ ಶ್ರೀಮತಿಯ ಜೀವ ಹಸ್ತಿನಾಪುರದ ಶ್ರೇಯಾಂಸನಾಗುತ್ತದೆ. ದೀರ್ಘಕಾಲ ಆಹಾರವಿಲ್ಲದೆ ಸಂಚರಿಸುತ್ತಿದ್ದ ವೃಷಭಸ್ವಾಮಿಗೆ ಹೇಗೆ ಆಹಾರವನ್ನೀಯಬೇಕೆಂದು ಯಾರಿಗೂ ತಿಳಿಯದಿದ್ದಾಗ, ಹಿಂದೆ ದಂಪತಿಗಳಾಗಿದ್ದಾಗ ಕಾಡಿನಲ್ಲಿ ಚಾರಣಮುನಿಗಳಿಗೆ ಕೂಡಿ ನೀಡಿದ ಆಹಾರದಾನವು ಶ್ರೇಯಾಂಸನಿಗೆ ನೆನಪಾಗುತ್ತದೆ. ಆ ನೆನಪಿನಿಂದಲೇ ಕಬ್ಬಿನ ಹಾಲಿನ ದಾನ. ನಮ್ಮ ಅಕ್ಷಯತೃತೀಯಾ ಪರ್ವ.

ಈ ಕಥೆಯಲ್ಲಿ ಪತಿಪತ್ನಿ ಸಂಬಂಧವು ಮೊದಲು ಪಿತಾಪುತ್ರ ಸಂಬಂಧವಾಯಿತು, ಬಳಿಕ ಪಾತ್ರದಾನಿಗಳ ಸಂಬಂಧವಾಯಿತು. ರೂಪಗಳೆಲ್ಲ ಬದಲಾದವು, ಕೂಡಿ ಮಾಡಿದ ಸತ್ಕಾರ್ಯದ ಸಂಸ್ಕಾರ ಮಾತ್ರ ಉಳಿದು ಲೋಕಕ್ಕೆ ಉಪಕಾರವಾಯಿತು. ತೀರಿಕೊಂಡವರನ್ನು ನಮ್ಮ ಸ್ವತ್ತೆಂದು ಕಾಯುವುದು ಪರಿಗ್ರಹ. ಅವರೊಡನೆ ಮಾಡಿದ ಧರ್ಮವನ್ನು ಮುಂದುವರಿಸುವುದು ನಿಷ್ಠೆ. ಎರಡನೆಯದಕ್ಕೆ ಹೊಸ ಸಂಗಾತಿ ಅಡ್ಡಿಯಾಗಬೇಕಾಗಿಲ್ಲ. ಜೀವಗಳು ಪರಸ್ಪರ ಉಪಕಾರಕ್ಕಾಗಿವೆಯೆಂದು ನಂಬುವ ಧರ್ಮದಲ್ಲಿ, ನೊಂದ ಇಬ್ಬರು ಅಣುವ್ರತದ ಮರ್ಯಾದೆಯೊಳಗೆ ಒಬ್ಬರಿಗೊಬ್ಬರು ಆಸರೆಯಾದರೆ ಅದನ್ನು ಪತನವೆನ್ನಲಾಗದು. ಸಂಗಾತಿಯಲ್ಲಿ ಸಂತುಷ್ಟನಾಗಿ ಅನ್ಯರಲ್ಲಿ ವಿರತನಾಗಿರುವುದೇ ಗೃಹಸ್ಥನ ಬ್ರಹ್ಮಚರ್ಯಾಣುವ್ರತ. ವಿಧಿಪೂರ್ವಕ ಮರುವಿವಾಹದಲ್ಲೂ ಅದನ್ನು ಪಾಲಿಸಬಹುದು.

ಸಮಾಜದ ತಕ್ಕಡಿಯ ವಿಚಾರವನ್ನೂ ಹೇಳದೆ ಇರಲಾಗದು. ಹೆಂಡತಿ ತೀರಿಕೊಂಡ ಗಂಡಸಿಗೆ ‘ಮಕ್ಕಳನ್ನು ನೋಡಿಕೊಳ್ಳುವವರು ಬೇಕು’ ಎಂದು ವರ್ಷದೊಳಗೆ ಹೆಣ್ಣು ಹುಡುಕುವ ನಾವೇ, ಮಕ್ಕಳಿರುವ ವಿಧವೆಗೆ ‘ಮಕ್ಕಳಿದ್ದಾರಲ್ಲ, ಇನ್ನೇನು ಬೇಕು’ ಎನ್ನುತ್ತೇವೆ. ಶೋಕ ನೋಕಷಾಯಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ; ತೀರ್ಪಿನಲ್ಲಿ ಭೇದವಿರುವುದು ನಮ್ಮ ಪಕ್ಷಪಾತ. ವಿಧವಾವಿವಾಹವು ಜೈನಸಮಾಜಕ್ಕೆ ಹೊಸದೂ ಅಲ್ಲ. ಬೆಳಗಾವಿಯ ಕಡೆಯ ಚತುರ್ಥ, ಪಂಚಮ ಜೈನರಲ್ಲಿ ಅದು ರೂಢಿಯಲ್ಲಿತ್ತೆಂದು ಹಳೆಯ ಗ್ಯಾಸೆಟಿಯರುಗಳು ದಾಖಲಿಸಿವೆ. ಉತ್ತರದಲ್ಲಿ ಬ್ರಹ್ಮಚಾರಿ ಶೀತಲಪ್ರಸಾದರು 1920ರ ದಶಕದಲ್ಲಿ ಅದನ್ನು ಬೆಂಬಲಿಸಿ, ಸ್ವತಃ ಬ್ರಹ್ಮಚರ್ಯದಲ್ಲಿದ್ದೂ, ಸಮಾಜದ ಕಟುವಿರೋಧವನ್ನು ಸಹಿಸಿದರು. ಕಾನೂನು ಸಹ ನಿಧಾನವಾಗಿಯೇ ತಿದ್ದಿಕೊಂಡಿತು. 1856ರ ಕಾಯಿದೆ ವಿಧವೆಯ ಮರುಮದುವೆಯನ್ನು ಸಿಂಧುಗೊಳಿಸಿದರೂ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಆಕೆಯಿಂದ ಕಸಿದುಕೊಂಡಿತ್ತು. 1956ರ ಉತ್ತರಾಧಿಕಾರ ಕಾಯಿದೆ ಹೆಣ್ಣಿಗೆ ಬಂದ ಆಸ್ತಿಗೆ ಆಕೆಯನ್ನೇ ಪೂರ್ಣ ಒಡತಿಯನ್ನಾಗಿ ಮಾಡಿತು. ಕೆಲವು ವಿಧವೆಯರ ಮರುಮದುವೆಯನ್ನು ಅನರ್ಹತೆಯೆಂದು ಎಣಿಸಿದ್ದ ಅದರ 24ನೆಯ ಕಲಮು 2005ರಲ್ಲಿ ರದ್ದಾಯಿತು. ಈ ಎರಡೂ ಕಾಯಿದೆಗಳು ಜೈನರಿಗೂ ಅನ್ವಯಿಸಿದವು.

ಹೊಸ ಪ್ರೀತಿಗೂ ತನ್ನ ಧರ್ಮಗಳಿವೆ. ಅದು ಕದ್ದು ನಡೆಯಬಾರದು, ಮರೆಮಾಚುವಿಕೆ ಮಾಯಾಶಲ್ಯ. ಮಕ್ಕಳ ಮನಸ್ಸನ್ನು ಕೇಳಬೇಕು. ಅವರನ್ನು ಯಾವ ಕಡೆಯವರೂ ಸ್ವತ್ತಿನಂತೆ ಹಂಚಿಕೊಳ್ಳಬಾರದು. ಮೊದಲ ಸಂಬಂಧದ ವೃದ್ಧ ಅತ್ತೆಮಾವಂದಿರಿಗೆ ಮೊಮ್ಮಕ್ಕಳ ಮುಖ ಕಾಣುವ ಹಾದಿ ತೆರೆದಿರಬೇಕು. ಮಗನನ್ನು ಕಳೆದುಕೊಂಡ ಅವರ ಶೋಕವೂ ಶೋಕವೇ. ಆಸ್ತಿಪಾಸ್ತಿಯ ಮಾತು ಮೊದಲೇ ಸ್ಪಷ್ಟವಾಗಬೇಕು. ಮರುಮದುವೆ ಬೇಡವೆಂದವರನ್ನು ಒತ್ತಾಯಿಸುವುದೂ ಅಷ್ಟೇ ತಪ್ಪು. ಒಂಟಿತನವನ್ನು ಸ್ವಾಧ್ಯಾಯಕ್ಕೂ ವ್ರತಕ್ಕೂ ಒಪ್ಪಿಸಿಕೊಂಡವರ ಹಾದಿ ಎಂದೆಂದಿಗೂ ಉನ್ನತವಾದದ್ದು.

ಬಸದಿಗಳ ವಿಶ್ವಸ್ತ ಮಂಡಲಿಗಳು ಇಲ್ಲಿ ಮಾಡಬಹುದಾದದ್ದು ಹೆಚ್ಚೇನಲ್ಲ, ಆದರೆ ಬೆಲೆಯುಳ್ಳದ್ದು. ಅಭಿಷೇಕ, ಅಷ್ಟವಿಧಾರ್ಚನೆಗಳ ಸಮಯದಲ್ಲಿ ಪತಿಯನ್ನೋ ಪತ್ನಿಯನ್ನೋ ಕಳೆದುಕೊಂಡವರನ್ನು ಹಿಂದೆ ಸರಿಸದಿರುವುದು. ಮರುಮದುವೆಯಾದ ದಂಪತಿಗಳನ್ನು ಆರಾಧನೆಯ ಸಂಕಲ್ಪಕ್ಕೆ ಉಳಿದವರಂತೆಯೇ ಕುಳ್ಳಿರಿಸುವುದು. ಅವರು ಮೊದಲ ಸಂಗಾತಿಯ ಹೆಸರಿನಲ್ಲಿ ಶಾಸ್ತ್ರದಾನವನ್ನೋ ಆಹಾರದಾನವನ್ನೋ ಮಾಡಲು ಬಂದಾಗ ರಸೀದಿಯಲ್ಲಿ ಆ ಹೆಸರನ್ನು ಹಿಂಜರಿಯದೆ ಬರೆದುಕೊಡುವುದು. ಪುಣ್ಯತಿಥಿಯ ದಿನ ಹಳೆಯ ಹೆಸರಿನಲ್ಲಿ ದಾನಮಾಡುವ ಹೆಂಡತಿಯ ಪಕ್ಕದಲ್ಲಿ ಹೊಸ ಗಂಡ ಕೈಮುಗಿದು ಕುಳಿತಿದ್ದರೆ, ಅಂತಹ ಮನೆಯಲ್ಲಿ ಶೋಕಕ್ಕೂ ಪ್ರೀತಿಗೂ ಜಗಳವಿಲ್ಲವೆಂದು ತಿಳಿದು, ನಾವು ಅವರನ್ನು ಅವರ ಪಾಡಿಗೆ ಗೌರವದಿಂದ ಬಾಳಗೊಡಬೇಕು.